252 ಯಾರ್ಡ್, 10 ಪಾಯಿಂಟ್: ಒಹಾಯೊ ಸ್ಟೇಟ್ ಆಫೆನ್ಸ್ ಆವತ್ತು ಎಡವಿದ್ದೆಲ್ಲಿ?

2024ರ ನವೆಂಬರ್ 30, ಶನಿವಾರ. ಅಮೆರಿಕದ ಕೊಲಂಬಸ್ಸಲ್ಲಿ ಮಧ್ಯಾಹ್ನ 12ಕ್ಕೆ ಕಾಲೇಜ್ ಟೀಮುಗಳ ಅಮೆರಿಕನ್ ಫುಟ್ಬಾಲ್ ಮ್ಯಾಚ್, ಅಂದ್ರೆ ನಮ್ಮೂರಲ್ಲಿ ರಾತ್ರಿ ಹತ್ತೂವರೆ. ಒಹಾಯೊ ಸ್ಟೇಟ್ ಎದುರು ಮಿಶಿಗನ್. ಒಹಾಯೊ ಸ್ಟೇಟ್ ಆಗ ದೇಶದಲ್ಲಿ 2ನೇ ರ‍್ಯಾಂಕು, ಮಿಶಿಗನ್ ಆ ಸೀಸನ್ನಲ್ಲಿ ಕುಂಟ್ಕೊಂಡು ಬಂದ ಟೀಮು, ಬೆಟ್ಟಿಂಗ್ ಕಟ್ಟೋರು ಹೆಚ್ಚುಕಮ್ಮಿ 20 ಪಾಯಿಂಟ್ ಅಂತರದಲ್ಲಿ ಒಹಾಯೊ ಸ್ಟೇಟ್ ಗೆಲ್ಲುತ್ತೆ ಅಂತ ಲೆಕ್ಕ ಹಾಕಿದ್ರು. ಆಗಿದ್ದೇನಪ್ಪಾ ಅಂದ್ರೆ ಮಿಶಿಗನ್ 13, ಒಹಾಯೊ ಸ್ಟೇಟ್ 10. ಅದೂ ಒಹಾಯೊ ಸ್ಟೇಟ್‌ನ ಸ್ವಂತ ಮೈದಾನದಲ್ಲಿ, ಲಕ್ಷ ಜನರ ಮುಂದೆ.

ಮಾರನೇ ದಿನ ಮಂಡ್ಯದಿಂದ ನಮ್ಮ ಭಾವ ಫೋನ್ ಮಾಡಿದ್ರು. ಅವರು ಕಬಡ್ಡಿ ಬಿಟ್ಟು ಬೇರೆ ಆಟ ಆಟಾನೇ ಅಲ್ಲ ಅನ್ನೋ ಮನುಷ್ಯ, ಆದ್ರೆ ಮಗ ಅಮೆರಿಕಕ್ಕೆ ಓದೋಕೆ ಹೋದ್ಮೇಲೆ ಇದನ್ನೂ ಸ್ವಲ್ಪ ಸ್ವಲ್ಪ ನೋಡೋಕೆ ಶುರು ಮಾಡಿದಾರೆ. "ಅಲ್ಲ ಕಣಪ್ಪಾ, ಇವ್ರು 252 ಗಜ ಹೋಗವ್ರೆ, ಅವ್ರು 234 ಗಜ ಹೋಗವ್ರೆ, ಜಾಸ್ತಿ ಹೋದವ್ರು ಸೋತ್ರಾ? ಇದ್ಯಾವ ಸೀಮೆ ಆಟ?" ಅಂದ್ರು. ಒಳ್ಳೆ ಪ್ರಶ್ನೆ. ಫೋನಲ್ಲಿ ಹೇಳಿ ಮುಗಿಸೋಕಾಗ್ಲಿಲ್ಲ, ಅದಕ್ಕೆ ಬರೀತಿದೀನಿ.

ಮೊದಲು ಆಟ ಗೊತ್ತಿಲ್ದೋರಿಗೆ ಎರಡು ಮಾತು. ಇದು ಮೆಸ್ಸಿ ಆಡೋ ಫುಟ್ಬಾಲ್ ಅಲ್ಲ, ಮೊಟ್ಟೆ ಆಕಾರದ ಚೆಂಡು, ಹೆಲ್ಮೆಟ್ಟು, ಡಿಕ್ಕಿ ಹೊಡಿಯೋ ಆಟ. ಮೈದಾನ 100 ಯಾರ್ಡ್ ಉದ್ದ, ಚೆಂಡು ಕೈಯಲ್ಲಿರೋ ಟೀಮಿನ ಹನ್ನೊಂದು ಜನ ಆಫೆನ್ಸ್, ತಡೆಯೋ ಹನ್ನೊಂದು ಜನ ಡಿಫೆನ್ಸ್, ಇವೆರಡಕ್ಕೂ ಬೇರೆ ಬೇರೆ ಆಟಗಾರರೇ ಇರ್ತಾರೆ. ಆಫೆನ್ಸಿಗೆ ನಾಲ್ಕು ಅವಕಾಶ, ಅದಕ್ಕೆ ಡೌನ್ ಅಂತಾರೆ, ಆ ನಾಲ್ಕರಲ್ಲಿ 10 ಯಾರ್ಡ್ ಮುಂದೆ ಹೋದ್ರೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ, ಆಗಲಿಲ್ಲ ಅಂದ್ರೆ ಚೆಂಡು ಎದುರಾಳಿಗೆ. ನಿಜ ಹೇಳ್ಬೇಕು ಅಂದ್ರೆ ನಾಲ್ಕನೇದನ್ನ ಬಹಳ ಸಲ ಆಡೋದೇ ಇಲ್ಲ, ಚೆಂಡನ್ನ ದೂರ ಒದ್ದು ಕೊಟ್ಬಿಡ್ತಾರೆ, ಅದು ಪಂಟ್. ಹಾಗಾಗಿ ಲೆಕ್ಕಕ್ಕೆ ಸಿಗೋದು ಮೂರೇ. ಭಾವನಿಗೆ ನಾನು ಹೇಳಿದ್ದು, ಪ್ರೊ ಕಬಡ್ಡೀಲಿ ಎರಡು ರೈಡ್ ಖಾಲಿ ಹೋದ್ರೆ ಮೂರನೇದು ಡೂ ಆರ್ ಡೈ ಅಲ್ವಾ, ಪಾಯಿಂಟ್ ತರಲೇಬೇಕು ಇಲ್ಲಾಂದ್ರೆ ರೈಡರ್ ಔಟು, ಥರ್ಡ್ ಡೌನ್ ಅಂದ್ರೆ ಹೆಚ್ಚುಕಮ್ಮಿ ಅದೇ ಅಂತ. ತಕ್ಷಣ ಅರ್ಥ ಆಯ್ತು ಅವರಿಗೆ. ಚೆಂಡನ್ನ ಕೊನೇ ಗೆರೆ ದಾಟಿಸಿದ್ರೆ ಟಚ್‌ಡೌನ್, 6 ಪಾಯಿಂಟು, ಮೇಲೊಂದು ಒದ್ದು 7. ಹತ್ತಿರ ಹೋಗಿ ಸಿಕ್ಕಾಕ್ಕೊಂಡ್ರೆ ಕಂಬದ ಮಧ್ಯೆ ಒದ್ದು 3, ಅದು ಫೀಲ್ಡ್ ಗೋಲ್. ಇಷ್ಟು ಸಾಕು.

ಈಗ ಭಾವನ ಪ್ರಶ್ನೆಗೆ ಬರೋಣ. ಸೋತ ಮೇಲೆ ಎಲ್ರೂ ಮೊದಲು ನೋಡೋದು ಒಟ್ಟು ಯಾರ್ಡ್, ಮೋಸ ಹೋಗೋದೂ ಅಲ್ಲೇ. ಒಟ್ಟು ಯಾರ್ಡ್ ಅನ್ನೋದು ಕ್ರಿಕೆಟ್ಟಲ್ಲಿ ಎಷ್ಟು ಬಾಲ್ ಆಡಿದ ಅಂತ ಹೇಳದೆ ಬರೀ ರನ್ ಹೇಳಿದ ಹಾಗೆ. ಟೆಸ್ಟಲ್ಲಿ 60 ಹೊಡೆದ ಅಂದ್ರೆ ಒಂದು ಅರ್ಥ, ಕೊನೇ ಐದು ಓವರಲ್ಲಿ 60 ಬೇಕಾದಾಗ ಹೊಡೆದ ಅಂದ್ರೆ ಇನ್ನೊಂದು. ಒಹಾಯೊ ಸ್ಟೇಟ್ ಆವತ್ತು ಆಡಿದ್ದು 59 ಪ್ಲೇ (ಒಂದೊಂದು ಡೌನಿನ ಆಟ), ಬಂದಿದ್ದು 252, ಅಂದ್ರೆ ಒಂದು ಪ್ಲೇಗೆ 4.3 ಯಾರ್ಡ್. ಆ ಟೀಮಲ್ಲಿದ್ದ ಆಟಗಾರರನ್ನ ನೋಡಿದ್ರೆ ಇದು ನಾಚಿಕೆಗೇಡಿನ ಸಂಖ್ಯೆ. ಬಿಡಿಸಿ ನೋಡಿದ್ರಂತೂ ಇನ್ನೂ ಕಷ್ಟ. ಓಟ 26 ಸಲ, 77 ಯಾರ್ಡ್, ಸರಾಸರಿ ಮೂರೂ ಇಲ್ಲ. ಪಾಸು 33 ಸಲ ಎಸೆದಿದ್ದಾರೆ, ಅದ್ರಲ್ಲಿ 19 ಕೈಗೆ ಸಿಕ್ಕಿದ್ದು, 175 ಯಾರ್ಡ್, ಒಂದು ಎಸೆತಕ್ಕೆ 5.3. ಒಂದು ಟಚ್‌ಡೌನು, ಎರಡು ಇಂಟರ್‌ಸೆಪ್ಷನ್ನು, ಅಂದ್ರೆ ಎರಡು ಸಲ ಎಸೆದ ಚೆಂಡು ಎದುರಾಳಿ ಕೈಗೇ ಹೋಯ್ತು.

ಇಲ್ಲೊಂದು ಸಣ್ಣ ತಾಂತ್ರಿಕ ವಿಷಯ ಇದೆ, ಗೊತ್ತಿರ್ಲಿ. ಕಾಲೇಜ್ ಫುಟ್ಬಾಲಲ್ಲಿ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆಯೋನು, ಎಸೆಯೋಕೆ ಮುಂಚೆನೇ ಹಿಂದೆ ಸಿಕ್ಕಾಕ್ಕೊಂಡು ಬಿದ್ರೆ ಆ ನಷ್ಟಾನ ಓಟದ ಲೆಕ್ಕದಲ್ಲಿ ಕಳೀತಾರೆ. ಎನ್‌ಎಫ್‌ಎಲ್‌ನಲ್ಲಿ, ಅಂದ್ರೆ ಅಲ್ಲಿನ ವೃತ್ತಿಪರ ಲೀಗಲ್ಲಿ, ಪಾಸಿನ ಲೆಕ್ಕದಲ್ಲಿ ಕಳೀತಾರೆ, ಅದೇ ಸರಿ ಅನ್ನೋದು ನನ್ನ ಅಭಿಪ್ರಾಯ, ಪಾಸ್ ಮಾಡೋಕೆ ಹೋಗಿ ಬಿದ್ದಿದ್ದು ಓಟದ ತಪ್ಪು ಹೆಂಗಾಗುತ್ತೆ? ಹಾಗಾಗಿ ಕಾಲೇಜ್ ಮ್ಯಾಚಿನ ಓಟದ ಸರಾಸರಿ ಕೆಟ್ಟದಾಗಿ ಕಂಡ್ರೆ ಮೊದಲು ಚೆಂಡು ಹಿಡಿದು ಓಡೋ ರನ್ನಿಂಗ್ ಬ್ಯಾಕ್‌ಗಳ ಲೆಕ್ಕ ಬೇರೆ ತೆಗೆದು ನೋಡ್ಬೇಕು. ತೆಗೆದು ನೋಡಿದ್ರೆ ಟ್ರೆವಿಯನ್ ಹೆಂಡರ್ಸನ್ 10 ಸಲ ಓಡಿ 21, ಕ್ವಿನ್ಶಾನ್ ಜಡ್ಕಿನ್ಸ್ 12 ಸಲ ಓಡಿ 46. ಇಬ್ಬರೂ ಆ ಸೀಸನ್ನಲ್ಲಿ ಸಾವಿರ ಯಾರ್ಡ್ ದಾಟಿದೋರು, ಇಬ್ಬರನ್ನೂ ಮುಂದಿನ ವರ್ಷ ಎನ್‌ಎಫ್‌ಎಲ್ ಟೀಮುಗಳು ಡ್ರಾಫ್ಟಲ್ಲಿ, ಅಂದ್ರೆ ಕಾಲೇಜ್ ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋದ್ರಲ್ಲಿ, ಎರಡನೇ ರೌಂಡಲ್ಲೇ ತಗೊಂಡ್ವು. ಅಂಥೋರು 22 ಸಲ ಓಡಿ 67. ಲೆಕ್ಕದ ನೆಪ ಹೇಳೋಕೆ ಜಾಗ ಇಲ್ಲ, ನಿಜವಾಗ್ಲೂ ಓಟ ನಡೀಲಿಲ್ಲ.

ಆದ್ರೆ ಸರಾಸರಿಗಿಂತ ಒಳ್ಳೆ ಅಳತೆ ಒಂದಿದೆ, ಸಕ್ಸೆಸ್ ರೇಟ್ ಅಂತ. ವಿಷಯ ಸರಳ. ಪ್ರತಿ ಪ್ಲೇ ಆದ್ಮೇಲೂ ಒಂದೇ ಪ್ರಶ್ನೆ ಕೇಳೋದು: ಇದು ಕೆಲಸಕ್ಕೆ ಬಂತಾ ಇಲ್ವಾ? ಫಸ್ಟ್ ಡೌನಲ್ಲಿ ಬೇಕಾಗಿರೋದ್ರಲ್ಲಿ ಅರ್ಧ ಬಂದ್ರೆ ಬಂತು, ಅಂದ್ರೆ 10ಕ್ಕೆ 5. ಸೆಕೆಂಡ್ ಡೌನಲ್ಲಿ ಉಳಿದಿದ್ದರಲ್ಲಿ ನೂರಕ್ಕೆ ಎಪ್ಪತ್ತು ಭಾಗ ಬರ್ಬೇಕು. ಮೂರು ನಾಲ್ಕರಲ್ಲಿ ಪೂರ್ತಿ ಬರ್ಬೇಕು, ಅರ್ಧಂಬರ್ಧಕ್ಕೆ ಬೆಲೆ ಇಲ್ಲ. ಇದು ಯಾಕೆ ಮುಖ್ಯ ಅಂದ್ರೆ ಒಂದು ಓಟ 40 ಯಾರ್ಡ್ ಹೋಗಿ ಉಳಿದ ಒಂಬತ್ತು ಓಟ ಒಂದೊಂದೇ ಯಾರ್ಡ್ ಹೋದ್ರೂ ಸರಾಸರಿ ಹತ್ತಿರ ಹತ್ತಿರ 5 ಬರುತ್ತೆ, ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಆ ಒಂಬತ್ತು ಸಲಾನೂ ಟೀಮು ಗುಂಡೀಲಿ ಬಿದ್ದಿತ್ತು ಅನ್ನೋದು ಸರಾಸರೀಲಿ ಕಾಣಲ್ಲ. ಡಾಟ್ ಬಾಲ್ ಥರ. ಓವರಿಗೆ ಒಂದು ಸಿಕ್ಸ್ ಐದು ಡಾಟ್ ಆದ್ರೂ ಆರು ರನ್ನೇ, ಆದ್ರೆ ಆ ಡಾಟ್‌ಗಳ ಒತ್ತಡದಲ್ಲೇ ವಿಕೆಟ್ ಬೀಳೋದು.

ಒಹಾಯೊ ಸ್ಟೇಟ್‌ಗೆ ಆಗಿದ್ದು ಇದೇ ಕಾಯಿಲೆ, ಆದ್ರೆ ಸಿಕ್ಸೂ ಇಲ್ಲ. ಫಸ್ಟ್ ಡೌನಲ್ಲಿ ಮಧ್ಯಕ್ಕೆ ನುಗ್ಗೋ ಓಟ, 2 ಯಾರ್ಡ್ ಬಂತು ಅಂದ್ಕೊಳ್ಳಿ. ಈಗ ಸೆಕೆಂಡ್ ಡೌನು, 8 ಬೇಕು. ಮತ್ತೊಂದು ಓಟ, ಒಂದು ಬಂತು. ಈಗ ಥರ್ಡ್ ಡೌನು, 7 ಬೇಕು. 7 ಬೇಕು ಅಂದ್ರೆ ಪಾಸೇ ಎಸೀಬೇಕು ಅನ್ನೋದು ಟಿಕೆಟ್ ತಗೊಂಡು ಮೇಲೆ ಕೂತಿರೋ ಅಜ್ಜಿಗೂ ಗೊತ್ತು, ಮಿಶಿಗನ್ ಡಿಫೆನ್ಸಿಗೆ ಗೊತ್ತಿರಲ್ವಾ? ಅವರು ಓಟದ ಚಿಂತೆನೇ ಬಿಟ್ಟು ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬೀಳ್ತಾರೆ, ಪಾಸ್ ಹಿಡಿಯೋ ರಿಸೀವರ್‌ಗಳ ಹಿಂದೆ ಇಬ್ಬಿಬ್ಬರು ನಿಂತ್ಕೋತಾರೆ. ಆಮೇಲೆ ಪಾಸ್ ತಪ್ಪಿದ್ರೆ ಟೀವೀಲಿ ಎಲ್ರೂ ಬೈಯೋದು ಎಸೆದೋನನ್ನ. ಒಹಾಯೊ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್‌ನ ತಪ್ಪು ಇಲ್ಲ ಅಂತಲ್ಲ, ಅದಕ್ಕೆ ಬರ್ತೀನಿ, ಆದ್ರೆ ಥರ್ಡ್ ಡೌನಲ್ಲಿ ಕಂಡ ತಪ್ಪಿನ ಬೇರು ಬಹಳ ಸಲ ಫಸ್ಟ್ ಡೌನಲ್ಲಿರುತ್ತೆ. ಸೋತ ಮ್ಯಾಚನ್ನ ಮತ್ತೆ ಹಾಕಿ ನೋಡೋರು ಯಾರಾದ್ರೂ ಇದ್ರೆ, ಥರ್ಡ್ ಡೌನ್ ಬಿಟ್ಟು ಬರೀ ಫಸ್ಟ್ ಡೌನ್‌ಗಳನ್ನ ಮಾತ್ರ ನೋಡಿ, ಕತೆ ಬೇರೆನೇ ಕಾಣುತ್ತೆ.

ಮುಂದಿನ ಅಳತೆ ಜಾಗದ್ದು. ಎಲ್ಲಾ ಯಾರ್ಡಿಗೂ ಒಂದೇ ಬೆಲೆ ಇಲ್ಲ, ಎಲ್ಲಾ ತಪ್ಪಿಗೂ ಒಂದೇ ಶಿಕ್ಷೆ ಇಲ್ಲ. ಇದನ್ನ ಲೆಕ್ಕ ಮಾಡೋಕೆ ಇಪಿಎ ಅಂತ ಒಂದು ವಿಧಾನ ಇದೆ, ಹೆಸರು ಕೇಳಿ ಹೆದರ್ಬೇಡಿ. ಮೈದಾನದ ಪ್ರತಿ ಜಾಗಕ್ಕೂ ಒಂದು ನಿರೀಕ್ಷೆ ಇರುತ್ತೆ, ಇಂಥ ಕಡೆ ಇಂಥ ಡೌನಲ್ಲಿ ಚೆಂಡು ಇದ್ರೆ ಸಾಮಾನ್ಯವಾಗಿ ಇಷ್ಟು ಪಾಯಿಂಟ್ ಬರುತ್ತೆ ಅಂತ, ಹಳೇ ಸಾವಿರಾರು ಮ್ಯಾಚ್ ನೋಡಿ ತೆಗೆದಿರೋದು. ನಿಮ್ಮ ಗೆರೆ ಹತ್ತಿರ ಇದ್ರೆ ಹೆಚ್ಚುಕಮ್ಮಿ ಸೊನ್ನೆ, ಎದುರಾಳಿ ಗೆರೆಗೆ ಎರಡು ಯಾರ್ಡ್ ಬಾಕಿ ಇದ್ರೆ ಆರರ ಹತ್ತಿರ. ಒಂದು ಪ್ಲೇ ಆದ್ಮೇಲೆ ಆ ನಿರೀಕ್ಷೆ ಎಷ್ಟು ಮೇಲೆ ಹೋಯ್ತು ಎಷ್ಟು ಕೆಳಗೆ ಬಂತು ಅಂತ ನೋಡೋದೇ ಇಪಿಎ. ಜಮೀನಿನ ರೇಟ್ ಇದ್ದ ಹಾಗೆ, ಹೈವೇ ಪಕ್ಕದ ಒಂದು ಗುಂಟೆನೂ ಒಳಗಡೆ ಬಂಡೆ ಮೇಲಿನ ಒಂದು ಗುಂಟೆನೂ ಅಳತೇಲಿ ಒಂದೇ, ಬೆಲೇಲಿ ಅಲ್ಲ.

ಈಗ ಎರಡನೇ ಕ್ವಾರ್ಟರಲ್ಲಿ ಆಗಿದ್ದು ನೋಡಿ. ಒಹಾಯೊ ಸ್ಟೇಟ್ 3-0 ಮುಂದಿತ್ತು. ಹವರ್ಡ್ ತನ್ನ ಗೆರೆಗೆ ಹತ್ತಿರದಲ್ಲಿದ್ದಾಗ ಎಸೆದ ಚೆಂಡನ್ನ ಮಿಶಿಗನ್‌ನ ಆಮಿರ್ ಹಾಲ್ ಹಿಡ್ಕೊಂಡು 2 ಯಾರ್ಡ್ ಗೆರೆಗೆ ತಂದಿಟ್ಟ. ಅಲ್ಲಿಂದ ಕೆಲೆಲ್ ಮಲ್ಲಿಂಗ್ಸ್ ಒಳಗೆ ನುಗ್ಗಿದ, 7-3. ಸ್ಕೋರ್ ಶೀಟಲ್ಲಿ ಇದು ಮಿಶಿಗನ್ ಆಫೆನ್ಸಿನ ಟಚ್‌ಡೌನು, ನಿಜವಾಗಿ ಇದನ್ನ ತಟ್ಟೇಲಿಟ್ಟು ಕೊಟ್ಟಿದ್ದು ಒಹಾಯೊ ಸ್ಟೇಟ್ ಆಫೆನ್ಸು. ಒಂದೇ ಪಾಸು, ಆರು ಪಾಯಿಂಟಿನಷ್ಟು ನಷ್ಟ. ಇದೇ ಇಂಟರ್‌ಸೆಪ್ಷನ್ ಆಚೆ ಕಡೆ ಐವತ್ತು ಯಾರ್ಡ್ ದೂರದಲ್ಲಿ ಆಗಿದ್ರೆ ಪಂಟ್ ಒದ್ದಿದ್ದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇರ್ತಿರ್ಲಿಲ್ಲ. ಬಾಕ್ಸ್ ಸ್ಕೋರಲ್ಲಿ ಎರಡೂ "ಇಂಟರ್‌ಸೆಪ್ಷನ್ 1" ಅಷ್ಟೇ.

ಇದಕ್ಕೇ ನಾನು ಡಿಫೆನ್ಸನ್ನ ಈ ಸೋಲಿಂದ ಬಿಡುಗಡೆ ಮಾಡ್ತೀನಿ. ಮಿಶಿಗನ್ ಕ್ವಾರ್ಟರ್‌ಬ್ಯಾಕ್ ಡೇವಿಸ್ ವಾರೆನ್ 16 ಎಸೆದು 9 ಮುಟ್ಟಿಸಿ ಬರೀ 62 ಯಾರ್ಡ್ ತಂದಿದ್ದು, ಅವನೂ ಎರಡು ಇಂಟರ್‌ಸೆಪ್ಷನ್ ಕೊಟ್ಟಿದ್ದ. ಕೊನೇಲಿ ಮಲ್ಲಿಂಗ್ಸ್ ಥರ್ಡ್ ಡೌನಲ್ಲಿ 27 ಯಾರ್ಡ್ ಓಡಿದ್ದು ಡಿಫೆನ್ಸಿನ ತಪ್ಪೇ, ಆ ಓಟದಿಂದಾನೇ 45 ಸೆಕೆಂಡ್ ಬಾಕಿ ಇರುವಾಗ ಡೊಮಿನಿಕ್ ಝ್ವಾಡಾ 21 ಯಾರ್ಡಿನ ಫೀಲ್ಡ್ ಗೋಲ್ ಒದ್ದು ಗೆಲ್ಲಿಸಿದ್ದು. ಆದ್ರೆ ಎದುರಾಳಿಗೆ ಒಟ್ಟು 234 ಯಾರ್ಡು 13 ಪಾಯಿಂಟು ಮಾತ್ರ ಬಿಟ್ಟುಕೊಟ್ಟ ಡಿಫೆನ್ಸನ್ನ ಬೈದ್ರೆ ಪಾಪ ಸುತ್ಕೊಳ್ಳುತ್ತೆ, ಅದ್ರಲ್ಲೂ 7 ಪಾಯಿಂಟು ಅವರು ಮೈದಾನಕ್ಕೆ ಇಳಿಯೋ ಹೊತ್ತಿಗೆ 2 ಯಾರ್ಡ್ ಗೆರೇಲಿ ಕಾಯ್ತಾ ಇತ್ತು.

ಕಿಕ್ಕರ್ ಕತೆ? ಜೇಡನ್ ಫೀಲ್ಡಿಂಗ್ ಎರಡು ಫೀಲ್ಡ್ ಗೋಲ್ ತಪ್ಪಿಸಿದ, ಒಂದು 38 ಯಾರ್ಡು, ಒಂದು 34. ಎರಡೂ ಸಾಮಾನ್ಯವಾಗಿ ಒಳಗೆ ಹೋಗೋ ದೂರ. ಆ 6 ಪಾಯಿಂಟ್ ಬಂದಿದ್ರೆ 16-13 ಆಗ್ತಿತ್ತಲ್ಲಾ ಅಂತ ಆವತ್ತು ತುಂಬಾ ಜನ ಹಲ್ಲು ಕಡಿದ್ರು. ಲೆಕ್ಕ ಸರಿನೇ. ಆದ್ರೆ ಇಲ್ಲೂ ಒಂದು ಸೂಕ್ಷ್ಮ ಇದೆ. ಫೀಲ್ಡ್ ಗೋಲ್ ದೂರದಲ್ಲಿ ಸುಮಾರು 17 ಯಾರ್ಡ್ ಕಳೀರಿ, ಚೆಂಡು ಎಲ್ಲಿತ್ತು ಅಂತ ಗೊತ್ತಾಗುತ್ತೆ, ಯಾಕಂದ್ರೆ ಕಂಬ ಇರೋದು ಗೆರೆಯಿಂದ 10 ಯಾರ್ಡ್ ಹಿಂದೆ, ಒದೆಯೋನು ನಿಲ್ಲೋದು 7 ಯಾರ್ಡ್ ಹಿಂದೆ. ಅಂದ್ರೆ ಒಂದು ಸಲ 17ನೇ ಗೆರೇಲಿ, ಇನ್ನೊಂದು ಸಲ 21ನೇ ಗೆರೇಲಿ ಆಫೆನ್ಸ್ ನಿಂತುಹೋಯ್ತು. ದೇಶದ ಎರಡನೇ ನಂಬರ್ ಟೀಮು, ಎದುರಾಳಿ ಮನೆ ಬಾಗ್ಲಿಗೆ ಹೋಗಿ ಬಾಗ್ಲು ತಟ್ಟದೆ ವಾಪಸ್ ಬಂದಿದ್ದು. ಒದ್ದೋನು ತಪ್ಪಿಸಿದ, ಆದ್ರೆ ಒದೆಯೋ ಪರಿಸ್ಥಿತಿ ತಂದೋರು ಯಾರು? ಸೆಕೆಂಡ್ ಹಾಫ್ ಪೂರ್ತಿ ಒಹಾಯೊ ಸ್ಟೇಟ್ ಪಾಯಿಂಟು ಸೊನ್ನೆ. ಮೂವತ್ತು ನಿಮಿಷದ ಆಟ, ಸೊನ್ನೆ.

ಸರಿ, ಏನಾಯ್ತು ಅಂತ ಗೊತ್ತಾಯ್ತು, ಯಾಕಾಯ್ತು?

ಮೊದಲ ಉತ್ತರ ಎಲ್ರೂ ಕೊಡೋದು, ಆಫೆನ್ಸಿವ್ ಲೈನ್ ಗಾಯ. ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆ ಥರ ನಿಲ್ಲೋ ಐದು ದಢೂತಿ ಆಟಗಾರರು ಇರ್ತಾರೆ, ಚೆಂಡು ಮುಟ್ಟೋದೇ ಅಪರೂಪ, ಮದುವೆ ಮನೆ ಅಡುಗೆ ಭಟ್ಟರ ಥರ, ಸರಿ ಹೋದಾಗ ಯಾರೂ ಕೇಳಲ್ಲ, ಕೆಟ್ಟಾಗ ಎಲ್ರಿಗೂ ಗೊತ್ತಾಗುತ್ತೆ. ಅದ್ರಲ್ಲಿ ಎಡಗಡೆ ತುದೀಲಿ ನಿಲ್ತಿದ್ದ ಜಾಶ್ ಸಿಮನ್ಸ್ ಅಕ್ಟೋಬರ್ 12ರಂದು ಒರೆಗಾನ್ ಮ್ಯಾಚಲ್ಲಿ ಮಂಡಿಗೆ ದೊಡ್ಡ ಗಾಯ ಮಾಡ್ಕೊಂಡ. ಆ ಮ್ಯಾಚೂ ಒಹಾಯೊ ಸ್ಟೇಟ್ 32-31ರಲ್ಲಿ ಸೋತಿತ್ತು. ನವೆಂಬರಲ್ಲಿ ಮಧ್ಯದಲ್ಲಿ ನಿಲ್ಲೋ ಸೆಂಟರ್ ಸೆಥ್ ಮೆಕ್‌ಲಾಫ್ಲಿನ್‌ನ ಹಿಮ್ಮಡಿ ಮೇಲಿನ ಸ್ನಾಯು ಹರಿದುಹೋಯ್ತು, ಆ ವರ್ಷದ ಅತ್ಯುತ್ತಮ ಸೆಂಟರ್‌ಗೆ ಕೊಡೋ ರಿಮಿಂಗ್ಟನ್ ಟ್ರೋಫಿ ಆಮೇಲೆ ಅವನಿಗೇ ಬಂತು, ಅಂಥೋನು. ಅದೇ ಲೈನಲ್ಲಿ ಸೆಂಟರ್ ಪಕ್ಕ ನಿಲ್ಲೋ ಗಾರ್ಡ್ ಆಗಿದ್ದ ಡಾನವನ್ ಜಾಕ್ಸನ್‌ನ ಎಡತುದಿಗೆ ಕಳಿಸಿದ್ರು, ಕಾರ್ಸನ್ ಹಿಂಜ್ಮನ್‌ನ ಸೆಂಟರ್‌ಗೆ ತಂದ್ರು. ಮಿಶಿಗನ್ ಕಡೆ ಆ ಮಧ್ಯಭಾಗದ ಎದುರಿಗೆ ನಿಂತಿದ್ದೋರು ಮೇಸನ್ ಗ್ರೇಹಮ್ ಮತ್ತು ಕೆನೆತ್ ಗ್ರ್ಯಾಂಟ್, ಮುಂದಿನ ಏಪ್ರಿಲಲ್ಲಿ ಎನ್‌ಎಫ್‌ಎಲ್ ಡ್ರಾಫ್ಟಲ್ಲಿ 5ನೇ ಮತ್ತು 13ನೇ ಆಯ್ಕೆ ಆದೋರು. ಅಂದ್ರೆ ಒಹಾಯೊ ಸ್ಟೇಟ್ ಎಲ್ಲಿ ತೂತು ಬಿದ್ದಿತ್ತೋ ಸರಿಯಾಗಿ ಅದರ ಎದುರಿಗೇ ಮಿಶಿಗನ್‌ನ ಬಂಡೆ.

ಅಲ್ಲಿಗೇ ಓಡಿದ್ರು! ಇದನ್ನೇ ನನ್ನ ಕೈಲಿ ಇವತ್ತಿಗೂ ಅರಗಿಸ್ಕೊಳ್ಳೋಕಾಗಿಲ್ಲ.

ಗ್ರೇಹಮ್ ಗ್ರ್ಯಾಂಟ್ ಇಬ್ಬರೇ ಮಧ್ಯದ ಓಟ ನಿಲ್ಲಿಸ್ತಾರೆ ಅಂದ್ರೆ ಡಿಫೆನ್ಸಿಗೆ ಏನು ಲಾಭ ಅಂತ ಯೋಚಿಸಿ. ಉಳಿದೋರನ್ನ ಹಿಂದಕ್ಕೆ ಇಟ್ಕೋಬಹುದು, ಉದ್ದ ಪಾಸ್ ತಡೆಯೋಕೆ. ಕಬಡ್ಡೀಲಿ ಒಬ್ಬ ಕಾರ್ನರೇ ರೈಡರ್‌ನ ಒಂಟಿಯಾಗಿ ಹಿಡಿದು ಹಾಕ್ತಾನೆ ಅಂದ್ರೆ ಉಳಿದ ಆರು ಜನ ಎಷ್ಟು ಆರಾಮಾಗಿ ನಿಲ್ಲಬಹುದು, ಹಾಗೆ. ಇದನ್ನ ಮುರಿಯೋಕೆ ಇರೋ ದಾರಿ ಮತ್ತೆ ಮತ್ತೆ ಅದೇ ಕಾರ್ನರ್ ಹತ್ರ ಹೋಗೋದಲ್ಲ, ಬೇರೆ ಕಡೆ ರೈಡ್ ಮಾಡೋದು. ಅಂದ್ರೆ ಫಸ್ಟ್ ಡೌನಲ್ಲೇ ಪಾಸು, ಬೇಗ ಬೇಗ ಅಂಚಿಗೆ ಎಸೆಯೋದು, ಓಡೋ ಹುಡುಗ್ರಿಗೆ ಸ್ಕ್ರೀನ್ ಪಾಸು (ಹತ್ತಿರಕ್ಕೇ ಎಸೆದು, ಮುಂದೆ ಅಡ್ಡ ನಿಲ್ಲೋರ ಮರೇಲಿ ಓಡ್ಸೋದು), ಆ ಬಂಡೆಗಳು ಸೈಡಿಗೆ ಓಡಿ ಓಡಿ ಸುಸ್ತಾಗೋ ಹಾಗೆ.

ಅದಕ್ಕೆ ಆಳೂ ಇದ್ರು. ಜೆರಮಾಯ ಸ್ಮಿತ್ ಅಂತ ಹುಡುಗ, ಕಾಲೇಜಿನ ಮೊದಲನೇ ವರ್ಷ, ಆ ಸೀಸನ್ ಮುಗಿಯೋ ಹೊತ್ತಿಗೆ 76 ಕ್ಯಾಚು, 1,315 ಯಾರ್ಡು, 15 ಟಚ್‌ಡೌನ್. ಪಕ್ಕದಲ್ಲಿ ಎಮೆಕಾ ಎಗ್‌ಬೂಕಾ, ಮುಂದೆ ಡ್ರಾಫ್ಟಲ್ಲಿ 19ನೇ ಆಯ್ಕೆ. ಮಿಶಿಗನ್ ಕಡೆ ಇವರನ್ನ ಕಾಯ್ಬೇಕಾದ ಅವರ ಅತ್ಯುತ್ತಮ ಕಾರ್ನರ್‌ಬ್ಯಾಕ್ ವಿಲ್ ಜಾನ್ಸನ್ ಗಾಯ ಆಗಿ ಆ ಮ್ಯಾಚೇ ಆಡಿರ್ಲಿಲ್ಲ. ಆದ್ರೂ ಸ್ಮಿತ್‌ಗೆ ಸಿಕ್ಕಿದ್ದು 5 ಕ್ಯಾಚು, 35 ಯಾರ್ಡು, ಮೊದಲ ಹಾಫ್ ಕೊನೇಲಿ ಒಂದು ಟಚ್‌ಡೌನ್. ಟೀಮಿನ ಒಂದೇ ಟಚ್‌ಡೌನು ಅದೇ. ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಇಲ್ಲಿ ಪೂಜಾರಿಗಳು ಹೆಡ್ ಕೋಚ್ ರಯಾನ್ ಡೇ ಮತ್ತು ಪ್ಲೇ ಕರೀತಿದ್ದ ಆಫೆನ್ಸಿವ್ ಕೋಆರ್ಡಿನೇಟರ್ ಚಿಪ್ ಕೆಲ್ಲಿ.

ಅವರು ಯಾಕೆ ಹಾಗೆ ಮಾಡಿದ್ರು? ದಡ್ಡರಂತೂ ಅಲ್ಲ. ನನ್ನ ಊಹೆ ಇದು, ಊಹೆ ಅಂತಾನೇ ತಗೊಳ್ಳಿ. ಒಹಾಯೊ ಸ್ಟೇಟ್ 2021ರಲ್ಲಿ 42-27, 2022ರಲ್ಲಿ 45-23, 2023ರಲ್ಲಿ 30-24, ಹೀಗೆ ಮೂರು ವರ್ಷ ಸತತವಾಗಿ ಮಿಶಿಗನ್ ಕೈಲಿ ಸೋತಿತ್ತು. ಪ್ರತಿ ಸಲ ಬಂದ ಟೀಕೆ ಒಂದೇ, ಇವರು ನಾಜೂಕಿನೋರು, ದಮ್ ಇಲ್ಲ, ಮಿಶಿಗನ್ ಮೈಮೇಲೆ ಬಿದ್ರೆ ತಡ್ಕೊಳ್ಳಲ್ಲ ಅಂತ. ವರ್ಷಗಟ್ಟಲೆ ಇದನ್ನ ಕೇಳಿಸ್ಕೊಂಡೋನಿಗೆ ಏನನ್ಸುತ್ತೆ? ಈ ಸಲ ಇವರ ಬಲದಲ್ಲೇ ಇವರನ್ನ ಹೊಡೀಬೇಕು ಅನ್ಸುತ್ತೆ. ಊರ ಹಬ್ಬದಲ್ಲಿ ಒಬ್ಬ ಕೆಣಕಿದ ಅಂತ ಗುಂಡುಕಲ್ಲು ಎತ್ತೋಕೆ ಹೋಗಿ ಸೊಂಟ ಹಿಡ್ಕೊಂಡು ಕೂತೋರನ್ನ ನಾನು ನೋಡಿದೀನಿ. ಎದುರಾಳಿಯನ್ನ ಸೋಲಿಸೋದು ಬೇರೆ, ಎದುರಾಳಿ ಆಡಿದ ಮಾತನ್ನ ಸೋಲಿಸೋದು ಬೇರೆ. ಆವತ್ತು ಆಫೆನ್ಸ್ ಎರಡನೇದಕ್ಕೆ ಇಳಿದಿತ್ತು ಅಂತ ನನಗನ್ಸುತ್ತೆ.

ಹವರ್ಡ್ ವಿಷಯ. ಎರಡು ಇಂಟರ್‌ಸೆಪ್ಷನ್ ಅವನದ್ದೇ, ಮೊದಲನೇದಂತೂ ಎಸೀಬಾರದ ಜಾಗದಲ್ಲಿ ಎಸೆದಿದ್ದು. ಆದ್ರೆ ಎಸೆತಕ್ಕೆ 5.3 ಯಾರ್ಡ್ ಅನ್ನೋದು ಅವನೊಬ್ಬನ ಅಳತೆ ಅಲ್ಲ. ಯಾವ ಡೌನಲ್ಲಿ ಎಸೀತಿದ್ದಾನೆ, ಎಷ್ಟು ದೂರ ಎಸೆಯೋಕೆ ಹೇಳಿದ್ದಾರೆ, ಮುಂದಿನ ಗೋಡೆ ಎಷ್ಟು ಹೊತ್ತು ನಿಂತಿದೆ, ಇವೆಲ್ಲಾ ಅದ್ರಲ್ಲಿ ಕಲಸಿಹೋಗಿರುತ್ತೆ. ಹಾಗಾದ್ರೆ ಬಿಡಿಸೋದು ಹೆಂಗೆ? ಒಂದೇ ಮ್ಯಾಚ್ ಇಟ್ಕೊಂಡು ಆಗಲ್ಲ. ಅದೇ ಆಟಗಾರ, ಅದೇ ಲೈನು, ಬೇರೆ ತಂತ್ರ ಇರೋ ಇನ್ನೊಂದು ಮ್ಯಾಚ್ ಬೇಕು. ಅಪರೂಪಕ್ಕೆ ಇಲ್ಲಿ ಅಂಥದ್ದು ಸಿಕ್ತು, ಒಂದಲ್ಲ ನಾಲ್ಕು.

2024ರಿಂದ ಪ್ಲೇಆಫ್‌ಗೆ 12 ಟೀಮ್ ಮಾಡಿದ್ರಲ್ಲ, ಹಾಗಾಗಿ ಎರಡು ಸೋಲಿದ್ರೂ ಒಹಾಯೊ ಸ್ಟೇಟ್ 8ನೇ ಸ್ಥಾನದಲ್ಲಿ ಒಳಗೆ ಬಂತು. ಮೂರು ವಾರ ಆದ್ಮೇಲೆ, ಡಿಸೆಂಬರ್ 21ಕ್ಕೆ, ಅದೇ ಮೈದಾನದಲ್ಲಿ ಟೆನೆಸೀ ಎದುರು ಆಡಿದ್ರು. 42-17. ಹವರ್ಡ್ 29ಕ್ಕೆ 24, 311 ಯಾರ್ಡು, ಎಸೆತಕ್ಕೆ 10.7. ಸ್ಮಿತ್‌ಗೆ 6 ಕ್ಯಾಚ್, 103 ಯಾರ್ಡ್, ಎರಡು ಟಚ್‌ಡೌನ್. ಜನವರಿ 1ಕ್ಕೆ ರೋಸ್ ಬೌಲಲ್ಲಿ, ಅಲ್ಲೀವರೆಗೂ ಒಂದೂ ಸೋಲದ ಒರೆಗಾನ್ ಮೇಲೆ ಎರಡನೇ ಕ್ವಾರ್ಟರಲ್ಲೇ 34-0 ಆಗಿ ಕೊನೆಗೆ 41-21. ಹವರ್ಡ್ 26ಕ್ಕೆ 17, 319 ಯಾರ್ಡು, ಎಸೆತಕ್ಕೆ 12 ದಾಟ್ತು. ಸ್ಮಿತ್‌ಗೆ 187 ಯಾರ್ಡು. ಹೆಂಡರ್ಸನ್, ಮಿಶಿಗನ್ ಎದುರು 10 ಓಟಕ್ಕೆ 21 ಬಂದಿದ್ದೋನು, ಇಲ್ಲಿ ಒಂದೇ ಓಟದಲ್ಲಿ 66 ಯಾರ್ಡ್ ಹೋಗಿ ಟಚ್‌ಡೌನ್ ಮಾಡಿದ.

ಇಲ್ಲಿ ಗಮನಿಸ್ಬೇಕಾದ್ದು, ಸಿಮನ್ಸ್ ಮೆಕ್‌ಲಾಫ್ಲಿನ್ ವಾಪಸ್ ಬಂದಿರ್ಲಿಲ್ಲ. ತೇಪೆ ಹಾಕಿದ ಲೈನೇ ಅದು. ಜಾಕ್ಸನ್ ಎಡತುದೀಲೇ, ಹಿಂಜ್ಮನ್ ಮಧ್ಯದಲ್ಲೇ. ಹಾಗಾಗಿ ಗಾಯದಿಂದ ಸೋತ್ರು ಅನ್ನೋ ಉತ್ತರ ಪೂರ್ತಿ ನಿಲ್ಲಲ್ಲ. ಗಾಯದಿಂದ ಒಂದು ಬಾಗಿಲು ಮುಚ್ಚಿತ್ತು, ಅದೇ ಬಾಗಿಲಲ್ಲಿ ಹೋಗ್ತೀನಿ ಅಂತ ಹಠ ಹಿಡಿದಿದ್ದು ತಂತ್ರದ ತಪ್ಪು. ಪಾಸ್ ಮುಂದೆ ಮಾಡಿ ಡಿಫೆನ್ಸನ್ನ ಹಿಗ್ಗಿಸಿದ್ಮೇಲೆ ಓಟಕ್ಕೂ ಜಾಗ ಸಿಕ್ತು.

ಇಲ್ಲಿಗೆ ನಿಲ್ಸಿದ್ರೆ ನಾನೂ ಟೀವಿ ಪಂಡಿತರ ಥರ ಆಗ್ಬಿಡ್ತೀನಿ, ಅದಕ್ಕೆ ಎರಡು ಎದುರುವಾದ ನಾನೇ ಹೇಳ್ತೀನಿ. ಒಂದು, ಟೆನೆಸೀಗೂ ಒರೆಗಾನ್‌ಗೂ ಗ್ರೇಹಮ್-ಗ್ರ್ಯಾಂಟ್ ಥರದ ಜೋಡಿ ಇರ್ಲಿಲ್ಲ. ಅದೇ ತಂತ್ರ ನವೆಂಬರ್ 30ಕ್ಕೆ ಹಾಕಿದ್ರೂ 42 ಬರ್ತಿತ್ತು ಅಂತ ಯಾರೂ ಹೇಳೋಕಾಗಲ್ಲ, ಆದ್ರೆ 14 ಸಾಕಿತ್ತಲ್ಲ ಸ್ವಾಮಿ. ಎರಡು, ಸ್ಮಿತ್‌ಗೆ ಎಸೆದ್ರೆ ಸಾಕು ಅನ್ನೋದೂ ಅತಿ ಸರಳ. ಜನವರಿ 10ಕ್ಕೆ ಕಾಟನ್ ಬೌಲಲ್ಲಿ ಟೆಕ್ಸಸ್ ಅವನನ್ನ ಪೂರ್ತಿ ಕಟ್ಟಿಹಾಕ್ತು, ಒಂದೇ ಕ್ಯಾಚು, 3 ಯಾರ್ಡು. ಆದ್ರೂ ಒಹಾಯೊ ಸ್ಟೇಟ್ 28-14ರಲ್ಲಿ ಗೆಲ್ತು. ಹೆಂಗೆ? ಇಬ್ಬಿಬ್ಬರು ಸ್ಮಿತ್ ಹಿಂದೆ ಹೋದಾಗ ಚೆಂಡು ಬೇರೆಯೋರಿಗೆ ಹೋಯ್ತು. ಮೊದಲ ಹಾಫ್ ಮುಗಿಯೋ ಹೊತ್ತಿಗೆ ಹೆಂಡರ್ಸನ್‌ಗೆ ಒಂದು ಪುಟ್ಟ ಸ್ಕ್ರೀನ್ ಪಾಸು, ಅವನು 75 ಯಾರ್ಡ್ ಓಡಿದ. ಹವರ್ಡ್ ಆವತ್ತು ಎಸೆತಕ್ಕೆ 8.8. ಮಿಶಿಗನ್ ಎದುರು ಕಾಣದೇ ಇದ್ದಿದ್ದು ಇದೇ ಗುಣ, ಎದುರಾಳಿ ಏನು ಬಿಟ್ಟುಕೊಡ್ತಾನೋ ಅದನ್ನ ತಗೊಳ್ಳೋದು. ಆ ಮ್ಯಾಚಿಗೆ ಕೊನೇಲಿ ಬೀಗ ಹಾಕಿದ್ದು ಡಿಫೆನ್ಸಿನ ಜ್ಯಾಕ್ ಸಾಯರ್ 83 ಯಾರ್ಡ್ ಚೆಂಡು ಹೊತ್ತು ಓಡಿದ್ದು, ಹಾಗಾಗಿ ಎಲ್ಲಾ ಕ್ರೆಡಿಟ್ ಆಫೆನ್ಸಿಗೇ ಕೊಡೋದೂ ತಪ್ಪು.

ಇನ್ನೂ ಒಂದು ಇದೆ, ಸ್ಯಾಂಪಲ್ ಸಣ್ಣದು. ಒಂದು ಮ್ಯಾಚಲ್ಲಿ ಒಂದು ಟೀಮಿಗೆ ಚೆಂಡು ಸಿಗೋದು ಸುಮಾರು ಹತ್ತು ಹನ್ನೆರಡು ಸಲ. ಅದ್ರಲ್ಲಿ ಎರಡು ಇಂಟರ್‌ಸೆಪ್ಷನ್ನು ಎರಡು ಮಿಸ್ಸಾದ ಕಿಕ್ಕು ಅಂದ್ರೆ ಹತ್ತಿರ ಹತ್ತಿರ ಮೂರರಲ್ಲೊಂದು ಭಾಗ ಮಣ್ಣುಪಾಲು. ಹಾಗಾಗಿ 10 ಪಾಯಿಂಟ್ ಅನ್ನೋದು ಆ ಆಫೆನ್ಸಿನ ನಿಜವಾದ ಮಟ್ಟಕ್ಕಿಂತ ಕೆಳಗೇ ಇತ್ತು, ಸ್ವಲ್ಪ ದುರದೃಷ್ಟ ಸೇರಿತ್ತು. ದುರದೃಷ್ಟಾನ ಬೇರೆ ಮಾಡೋಕೇ ಸಕ್ಸೆಸ್ ರೇಟ್ ನೋಡೋದು. ಕಿಕ್ ಮಿಸ್ ಆಗೋದು ಒಂದು ದಿನದ ವಿಷಯ, ಫಸ್ಟ್ ಡೌನಲ್ಲಿ ಮತ್ತೆ ಮತ್ತೆ ಎರಡೆರಡೇ ಯಾರ್ಡ್ ಬರೋದು ಒಂದು ದಿನದ್ದಲ್ಲ, ಅದು ರಿಪೇರಿ ಮಾಡ್ಬೇಕಾದ್ದು.

ಇಷ್ಟೆಲ್ಲಾ ಹೇಳಿದ್ಮೇಲೆ ಭಾವ ಕೇಳಿದ್ದು, "ರಿಪೇರಿ ಆಯ್ತು ಅಂತ ಹೆಂಗೆ ಗೊತ್ತಾಯ್ತು ಹಂಗಾದ್ರೆ, ಗೆದ್ರು ಅಂತಾನಾ?" ಅಂತ. ಅಲ್ಲ. 2025ರ ಜನವರಿ 20, ಅಟ್ಲಾಂಟಾದಲ್ಲಿ ಫೈನಲ್ಲು, ನೋಟ್ರ ಡೇಮ್ ಎದುರು. ಹವರ್ಡ್ ಮೊದಲ 13 ಎಸೆತಕ್ಕೆ 13ನ್ನೂ ಮುಟ್ಟಿಸಿದ್ದ, ಜಡ್ಕಿನ್ಸ್ 11 ಓಟಕ್ಕೆ 100 ಯಾರ್ಡ್ ತಂದಿದ್ದ, ಒಂದು ಹಂತದಲ್ಲಿ 31-7 ಇತ್ತು. ಆದ್ರೆ ನೋಟ್ರ ಡೇಮ್ ಹಿಂದಿಂದ ಬಂದು ಬಂದು 31-23 ಮಾಡ್ತು. ಎರಡೂವರೆ ನಿಮಿಷದ ಆಸುಪಾಸು ಬಾಕಿ. ಒಹಾಯೊ ಸ್ಟೇಟ್ ಕೈಯಲ್ಲಿ ಚೆಂಡು, ಥರ್ಡ್ ಡೌನು, 11 ಯಾರ್ಡ್ ಬೇಕು. ನವೆಂಬರ್ 30ರ ಬುದ್ಧಿ ಆಗಿದ್ರೆ ಮಧ್ಯಕ್ಕೆ ಒಂದು ಓಟ ಓಡಿ, ಟೈಮ್ ತಿಂದು, ಪಂಟ್ ಒದ್ದು, ಡಿಫೆನ್ಸ್ ಮೇಲೆ ಭಾರ ಹಾಕ್ತಿದ್ರು. ಹವರ್ಡ್ ಹಿಂದೆ ಸರಿದು ಅಂಚಲ್ಲಿ ಓಡ್ತಿದ್ದ ಸ್ಮಿತ್‌ಗೆ ಎತ್ತಿ ಎಸೆದ, 56 ಯಾರ್ಡ್. ಆಮೇಲೆ 26 ಸೆಕೆಂಡ್ ಬಾಕಿ ಇರುವಾಗ ಫೀಲ್ಡ್ ಗೋಲ್ ಒದೆಯೋಕೆ ಬಂದೋನು ಅದೇ ಜೇಡನ್ ಫೀಲ್ಡಿಂಗ್, ದೂರ 33 ಯಾರ್ಡು, ಮಿಶಿಗನ್ ಎದುರು ತಪ್ಪಿಸಿದ್ದಕ್ಕಿಂತ ಒಂದೇ ಒಂದು ಯಾರ್ಡ್ ಕಮ್ಮಿ. ಒಳಗೆ ಹೋಯ್ತು. 34-23.